ಕರಿಜಾಲಿಯ ಹೆಸರು ಬದಲಾದದ್ದು ಏಕೆ?

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಶಿಕ್ಷಕಿ. ಶಾಲೆಯ ಆವರಣದ ಮರಗಳಿಗೆ ತಗಡಿನ ಫಲಕ ಹಾಕಿಸಬೇಕೆಂದು ಮಕ್ಕಳು ಹೆಸರುಗಳ ಪಟ್ಟಿ ಮಾಡಿದ್ದಾರೆ. ಕರಿಜಾಲಿಗೆ ನಾನು ಕಾಲೇಜಿನಲ್ಲಿ ಕಲಿತ ಹೆಸರು ಅಕೇಶಿಯಾ ನಿಲೋಟಿಕಾ. ಒಬ್ಬ ವಿದ್ಯಾರ್ಥಿ ಮೊಬೈಲಿನಲ್ಲಿ ಹುಡುಕಿ ವಾಚೆಲಿಯಾ ನಿಲೋಟಿಕಾ ಎಂದು ತೋರಿಸಿದ. ಬನ್ನಿ ಮರವನ್ನು ಒಂದು ಪುಸ್ತಕ ಪ್ರೊಸೋಪಿಸ್ ಸಿನರೇರಿಯಾ ಎನ್ನುತ್ತದೆ, ಇನ್ನೊಂದು ಅಕೇಶಿಯಾ ಫೆರುಜಿನಿಯಾ ಎನ್ನುತ್ತದೆ. ಊರಿಗೊಂದು ಹೆಸರಿದ್ದರೆ ಗೊಂದಲ, ಅದಕ್ಕೇ ವೈಜ್ಞಾನಿಕ ಹೆಸರು ಬೇಕು ಎಂದು ಪಾಠ ಮಾಡುವ ನಾನೇ ಈಗ ಗೊಂದಲಕ್ಕೆ ಬಿದ್ದಿದ್ದೇನೆ. ಈ ಹೆಸರುಗಳನ್ನು ಇಡುವವರು ಯಾರು, ಬದಲಿಸುವವರು ಯಾರು? ಫಲಕದ ಮೇಲೆ ಏನು ಬರೆಸಲಿ?

ಉತ್ತರ: ಪೇಂಟರ್ ಕಾಯುತ್ತಿರಬಹುದು, ಆದ್ದರಿಂದ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಕರಿಜಾಲಿಗೆ ವಾಚೆಲಿಯಾ ನಿಲೋಟಿಕಾ ಎಂದು ಬರೆಸಿ. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಹಳೆಯ ಹೆಸರು ಅಕೇಶಿಯಾ ನಿಲೋಟಿಕಾ ಎಂದೂ ಇರಲಿ, ಏಕೆಂದರೆ ಕೃಷಿ ಮತ್ತು ಅರಣ್ಯ ವಿಷಯದ ಬಹುಪಾಲು ಪುಸ್ತಕಗಳು ಇನ್ನೂ ಅದನ್ನೇ ಬಳಸುತ್ತಿವೆ. ನಿಮ್ಮ ವಿದ್ಯಾರ್ಥಿ ಹೇಳಿದ್ದು ಸರಿ, ನೀವು ಕಲಿತದ್ದೂ ತಪ್ಪಲ್ಲ. ಬನ್ನಿಯ ವಿಷಯ ಮಾತ್ರ ಬೇರೆ. ಅಲ್ಲಿ ಒಂದು ಮರಕ್ಕೆ ಎರಡು ಹೆಸರು ಬಂದಿಲ್ಲ, ಎರಡು ಮರಗಳಿಗೆ ಒಂದೇ ಕನ್ನಡ ಹೆಸರಿದೆ. ನಿಮ್ಮ ಆವರಣದಲ್ಲಿ ನಿಂತಿರುವುದು ಯಾವುದು ಎಂದು ನಾನು ಇಲ್ಲಿ ಕುಳಿತು ಹೇಳಲಾರೆ. ನೀವೇ ನೋಡಿ ತಿಳಿಯುವ ಬಗೆಯನ್ನು ಮುಂದೆ ಬರೆದಿದ್ದೇನೆ.

ಈಗ ಹೆಸರು ಇಡುವವರು, ಬದಲಿಸುವವರು ಯಾರು ಎಂಬ ಪ್ರಶ್ನೆ. ಇದರೊಳಗೆ ಎರಡು ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ. ನಮ್ಮ ಪಠ್ಯಪುಸ್ತಕಗಳು ಅವೆರಡನ್ನೂ ಒಂದೇ ಪಾಠದಲ್ಲಿ, ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತವೆ. ಗೊಂದಲ ಹುಟ್ಟುವುದೇ ಅಲ್ಲಿ. ಜೀವಿಗಳಲ್ಲಿ ಯಾರು ಯಾರಿಗೆ ಹತ್ತಿರದ ಸಂಬಂಧಿ ಎಂದು ಕಂಡುಹಿಡಿದು ಗುಂಪು ಮಾಡುವುದು ಒಂದು ಕೆಲಸ. ಅದು ವಿಜ್ಞಾನ. ಸಾಕ್ಷ್ಯ ಬದಲಾದರೆ ತೀರ್ಮಾನವೂ ಬದಲಾಗುತ್ತದೆ, ಅಲ್ಲಿ ಕೈ ಎತ್ತಿ ಮತ ಹಾಕುವ ಪ್ರಶ್ನೆಯೇ ಇಲ್ಲ. ಹಾಗೆ ಮಾಡಿದ ಗುಂಪಿಗೆ ಯಾವ ಹೆಸರು ಸಲ್ಲಬೇಕು ಎಂದು ನಿರ್ಧರಿಸುವುದು ಇನ್ನೊಂದು ಕೆಲಸ. ಅದು ಹೆಚ್ಚು ಕಡಿಮೆ ಕಾನೂನು. ಅದಕ್ಕೆ ಕಲಮುಗಳಿವೆ, ಪೂರ್ವಾನ್ವಯವಿದೆ, ತಕರಾರು ಅರ್ಜಿಗಳಿವೆ, ಕೆಲವೊಮ್ಮೆ ಮತದಾನವೂ ನಡೆಯುತ್ತದೆ. ನಿಮ್ಮ ಕರಿಜಾಲಿ ಈ ಎರಡೂ ಕಟಕಟೆಗಳನ್ನು ಹತ್ತಿ ಇಳಿದಿದೆ. ಹಾಗಾಗಿ ಅದನ್ನೇ ಹಿಡಿದು ಹೇಳುತ್ತೇನೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಬಯಲಿನಲ್ಲಿ ಕರಿಜಾಲಿ ಗೊತ್ತಿಲ್ಲದವರು ಯಾರಿದ್ದಾರೆ? ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ತಾನಾಗಿ ಬೆಳೆಯುವ ಮರ. ಕುಂಟೆ, ಕೂರಿಗೆ, ಬಂಡಿಯ ಗಾಲಿ ಎಲ್ಲಕ್ಕೂ ಬಡಿಗರು ಬಯಸುತ್ತಿದ್ದ ಗಟ್ಟಿ ಕಟ್ಟಿಗೆ. ಕಾಯಿ ಉದುರಿದರೆ ಆಡುಗಳು ಬಿಡುವುದಿಲ್ಲ. ಆದರೆ ಬರೀ ಜಾಲಿ ಎಂದರೆ ಸಾಲದು. ಬಿಳಿಜಾಲಿ ಇದೆ, ಬೇಲಿಯಿಂದ ಹೊಲಕ್ಕೆ ನುಗ್ಗುವ ಬಳ್ಳಾರಿ ಜಾಲಿ ಇದೆ. ಈ ಮೂರರಲ್ಲಿ ಕರಿಜಾಲಿ ಮತ್ತು ಬಿಳಿಜಾಲಿ ಹತ್ತಿರದ ಬಂಧುಗಳು. ಅಮೆರಿಕ ಖಂಡದಿಂದ ಬಂದ ಬಳ್ಳಾರಿ ಜಾಲಿ ಅದೇ ದೊಡ್ಡ ಕುಟುಂಬದ್ದೇ ಆದರೂ ಬೇರೆ ಕವಲಿನದು. ಮುಳ್ಳಿದೆ, ಸಣ್ಣ ಸಣ್ಣ ಎಲೆಗಳಿವೆ ಎಂದು ನಾವು ಮೂರಕ್ಕೂ ಜಾಲಿ ಎಂದೆವು. ಬಳಸುವ ಜನಕ್ಕೆ ಅಷ್ಟು ಸಾಕು. ಹಾಗೆಂದು ಊರಿನ ಹೆಸರುಗಳನ್ನು ಕೀಳಾಗಿ ಕಾಣುವವನು ನಾನಲ್ಲ. ಒಂದೇ ಜೋಳದೊಳಗೆ ಕಾಳು, ತೆನೆ, ರೊಟ್ಟಿಯ ರುಚಿ ನೋಡಿ ತಳಿ ತಳಿಗೂ ಹೆಸರಿಟ್ಟಿರುವ ನಮ್ಮ ರೈತರ ಸೂಕ್ಷ್ಮ ಲ್ಯಾಟಿನ್ ಹೆಸರುಗಳಿಗೆ ದಕ್ಕುವುದಿಲ್ಲ. ಜಗತ್ತಿನ ಇನ್ನೊಂದು ಮೂಲೆಯವರೊಂದಿಗೆ ಅದೇ ಗಿಡದ ಬಗ್ಗೆ ಮಾತನಾಡಬೇಕಾದಾಗ ಮಾತ್ರ ಊರಿನ ಹೆಸರು ಸಾಲುವುದಿಲ್ಲ.

ಇಂದಿನ ಸಸ್ಯನಾಮಗಳ ಲೆಕ್ಕ ಶುರುವಾಗುವುದು 1753ರಿಂದ. ಆ ವರ್ಷ ಸ್ವೀಡನ್ನಿನ ಕಾರ್ಲ್ ಲಿನೇಯಸ್ ಆಗ ತಿಳಿದಿದ್ದ ಸಸ್ಯಗಳಿಗೆಲ್ಲ ಎರಡೆರಡು ಪದಗಳ ಹೆಸರು ಕೊಟ್ಟು ಪ್ರಕಟಿಸಿದ. ಮೊದಲ ಪದ ಜಾತಿ, ಅಂದರೆ ಜೀನಸ್. ಎರಡನೆಯದು ಸೇರಿದಾಗ ಪ್ರಭೇದದ ಹೆಸರು. ಅದಕ್ಕೂ ಮೊದಲು ಒಂದು ಗಿಡದ ಹೆಸರೆಂದರೆ ಅದರ ಎಲೆ, ಹೂವು, ಕಾಂಡಗಳನ್ನು ವರ್ಣಿಸುವ ಉದ್ದನೆಯ ಲ್ಯಾಟಿನ್ ಸಾಲು. ಹೊಸ ಗಿಡವೊಂದು ಸಿಕ್ಕಿದರೆ ಹಳೆಯದರಿಂದ ಬೇರ್ಪಡಿಸಲು ಸಾಲನ್ನು ಇನ್ನಷ್ಟು ಉದ್ದ ಮಾಡಬೇಕಿತ್ತು. ಪ್ರಾಣಿಗಳಿಗೆ ಇದೇ ಆರಂಭದ ಗೆರೆ ಲಿನೇಯಸ್‌ನದೇ 1758ರ ಪ್ರಕಟಣೆ. ಈ ಎರಡು ಗೆರೆಗಳಿಗಿಂತ ಹಿಂದಿನ ಹೆಸರುಗಳು ಎಷ್ಟೇ ಚೆನ್ನಾಗಿರಲಿ, ಲೆಕ್ಕಕ್ಕಿಲ್ಲ.

ಒಂದು ಸ್ವಾರಸ್ಯ ನೋಡಿ. ಲಿನೇಯಸ್ ಮಾಡಿದ ವಿಂಗಡಣೆ ಇವತ್ತು ಉಳಿದಿಲ್ಲ. ಹೂವಿನ ಗಂಡು ಭಾಗವಾದ ಕೇಸರಗಳು ಎಷ್ಟಿವೆ, ಹೆಣ್ಣು ಭಾಗವಾದ ಶಲಾಕೆಗಳು ಎಷ್ಟಿವೆ ಎಂದು ಎಣಿಸಿ ಅವನು ಸಸ್ಯಗಳನ್ನು ವಿಂಗಡಿಸಿದ್ದ. ಎಣಿಸುವುದು ಸುಲಭ, ಆದರೆ ಸಂಬಂಧವೇ ಇಲ್ಲದ ಗಿಡಗಳು ಒಂದೇ ಗುಂಪಿನಲ್ಲಿ ಬಂದು ಕೂರುತ್ತಿದ್ದವು. ಮುಂದಿನ ಪೀಳಿಗೆಗಳು ಆ ವಿಂಗಡಣೆಯನ್ನು ಬದಿಗಿಟ್ಟವು, ಹೆಸರುಗಳನ್ನು ಮಾತ್ರ ಇಟ್ಟುಕೊಂಡವು. ಹೆಸರಿಡುವುದೂ ಗುಂಪು ಮಾಡುವುದೂ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

1753ರ ಆ ಪಟ್ಟಿಯಲ್ಲಿ ನಮ್ಮ ಕರಿಜಾಲಿಯೂ ಇತ್ತು, ಮಿಮೋಸಾ ನಿಲೋಟಿಕಾ ಎಂಬ ಹೆಸರಿನಲ್ಲಿ. ಮೂವತ್ತು ವರ್ಷಗಳ ಬಳಿಕ ಫ್ರಾನ್ಸಿನ ಲಾಮಾರ್ಕ್ ಅದಕ್ಕೇ ಮಿಮೋಸಾ ಅರೇಬಿಕಾ ಎಂಬ ಇನ್ನೊಂದು ಹೆಸರು ಕೊಟ್ಟ. ಆಮೇಲೆ ಈ ಮರ ಮಿಮೋಸಾದಿಂದ ಅಕೇಶಿಯಾಕ್ಕೆ ಹೋಯಿತು. ಬ್ರಿಟಿಷರ ಕಾಲದಲ್ಲಿ ನಮ್ಮ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿದ್ದಾಗ ಬಂದ ಸಸ್ಯಶಾಸ್ತ್ರದ ಪುಸ್ತಕಗಳನ್ನು ತೆಗೆದರೆ ಕರಿಜಾಲಿ ಅಕೇಶಿಯಾ ಅರೇಬಿಕಾ ಎಂದಿರುತ್ತದೆ. ನಿಮ್ಮ ಗುರುಗಳ ಗುರುಗಳು ಕಲಿತದ್ದು ಬಹುಶಃ ಅದನ್ನೇ. ಎರಡೂ ಹೆಸರುಗಳು ಒಂದೇ ಮರದ್ದು ಎಂದು ಖಾತ್ರಿಯಾದ ಮೇಲೆ ಅರೇಬಿಕಾ ಬಿದ್ದುಹೋಯಿತು, ನಿಲೋಟಿಕಾ ಉಳಿಯಿತು. ಕಾರಣ ಒಂದೇ: 1753 ಮೊದಲು ಬರುತ್ತದೆ, 1783 ಆಮೇಲೆ. ಮರದ ಬಗ್ಗೆ ಹೊಸದೇನೂ ತಿಳಿದಿರಲಿಲ್ಲ, ತಾರೀಕು ನೋಡಿದರು ಅಷ್ಟೆ. ಇದಕ್ಕೆ ಆದ್ಯತೆಯ ನಿಯಮ ಎನ್ನುತ್ತಾರೆ. ಕಟ್ಟುನಿಟ್ಟಿನ ನಿಯಮ, ಒಮ್ಮೊಮ್ಮೆ ಸಿಟ್ಟು ತರಿಸುವ ನಿಯಮ. ಆದರೆ ಯಾವ ಹೆಸರು ಚೆಂದ, ಯಾವ ಪಂಡಿತ ದೊಡ್ಡವನು ಎಂಬ ವಾದಕ್ಕೆ ಇದು ಅವಕಾಶವನ್ನೇ ಕೊಡುವುದಿಲ್ಲ.

ಲಿನೇಯಸ್ ಹೇಳಿದ ನಿಲೋಟಿಕಾ ಮತ್ತು ಲಾಮಾರ್ಕ್ ಹೇಳಿದ ಅರೇಬಿಕಾ ಒಂದೇ ಎಂದು ತಿಳಿದದ್ದು ಹೇಗೆ? ಇಬ್ಬರೂ ಬರೆದ ವರ್ಣನೆ ಕೆಲವೇ ಸಾಲುಗಳದ್ದು. ಇಲ್ಲಿಗೆ ಬರುತ್ತದೆ ಈ ವ್ಯವಸ್ಥೆಯ ಬೆನ್ನೆಲುಬು: ಮಾದರಿ ಸಂಗ್ರಹ, ಅಂದರೆ ಟೈಪ್. ಒಂದು ಪ್ರಭೇದಕ್ಕೆ ಹೆಸರಿಡುವಾಗ ಆ ಹೆಸರನ್ನು ಒಂದು ನಿರ್ದಿಷ್ಟ ಒಣಗಿದ ಟೊಂಗೆಗೆ, ಒಂದು ನಿರ್ದಿಷ್ಟ ಚರ್ಮಕ್ಕೆ, ಒಂದು ನಿರ್ದಿಷ್ಟ ತಲೆಬುರುಡೆಗೆ ಗಂಟು ಹಾಕುತ್ತಾರೆ. ಅದು ಯಾವ ಸಂಗ್ರಹಾಲಯದಲ್ಲಿದೆ ಎಂದು ಬರೆದಿಡುತ್ತಾರೆ. ವರ್ಣನೆ ತಪ್ಪಿರಬಹುದು, ಲೇಖಕನಿಗೆ ಗುಂಪು ಗೊತ್ತಾಗದಿರಬಹುದು, ಹೆಸರು ಮಾತ್ರ ಆ ವಸ್ತುವನ್ನು ಬಿಟ್ಟು ಹೋಗುವುದಿಲ್ಲ. ಸಂಶಯ ಬಂದವರು ಹೋಗಿ ನೋಡಬಹುದು.

ಇದಕ್ಕೆ ನಮ್ಮ ಕಡೆಯದೇ ಒಂದು ಉದಾಹರಣೆ ಇದೆ, ನಿಮ್ಮ ಮಕ್ಕಳಿಗೆ ಖಂಡಿತ ಹೇಳಿ. ಖಾನಾಪುರ ತಾಲ್ಲೂಕಿನ ಭೀಮಗಡ ಕಾಡಿನಲ್ಲಿ ತಳೇವಾಡಿಯ ಹತ್ತಿರ ಬಾರಾಪೇಡೆ ಗುಹೆಗಳಿವೆ. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ದೇಶದ ಸಸ್ತನಿಗಳ ಸಮೀಕ್ಷೆ ಶುರುಮಾಡಿದಾಗ ಅಲ್ಲಿ ಒಂದು ಬಾವಲಿ ಸಿಕ್ಕಿತು. ದೊಡ್ಡ ಕಿವಿಗಳು, ಚರ್ಮದ ಪೊರೆಯಿಂದ ಹೊರಗೆ ಚಾಚಿದ ಬಾಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಸಸ್ತನಿಗಳ ತಜ್ಞನಾಗಿದ್ದ ಓಲ್ಡ್‌ಫೀಲ್ಡ್ ಥಾಮಸ್ 1913ರಲ್ಲಿ ಅದಕ್ಕೆ ಹೆಸರಿಟ್ಟ. ನಿವೃತ್ತ ಅರಣ್ಯಾಧಿಕಾರಿ, ಜೀವಿಗಳ ಹುಚ್ಚು ಹಿಡಿಸಿಕೊಂಡಿದ್ದ ರಾಟನ್ ಅವರ ಗೌರವಾರ್ಥ ರಾಟೋನಿ ಎಂದ. ಈಗ ಅದು ಓಟೊಮಾಪ್ಸ್ ರಾಟೋನಿ. ದಶಕಗಳ ಕಾಲ ಜಗತ್ತಿನಲ್ಲಿ ಆ ಒಂದು ತಾಣ ಬಿಟ್ಟು ಬೇರೆಲ್ಲೂ ಅದು ಕಂಡಿರಲಿಲ್ಲ. ಆಮೇಲೆ ಕಾಂಬೋಡಿಯಾದಲ್ಲಿ ಒಂದು, ಮೇಘಾಲಯದ ಗುಹೆಗಳಲ್ಲಿ ಕೆಲವು ಕಂಡವು. ಅಷ್ಟು ದೂರದ ಬಾವಲಿ ನಮ್ಮ ಬಾವಲಿಯೇ ಹೌದೋ ಅಲ್ಲವೋ ಎಂಬ ವಾದ ಎಂದಾದರೂ ಎದ್ದರೆ ತಾಳೆ ನೋಡಬೇಕಾದದ್ದು ಥಾಮಸ್ ಮುಂದಿಟ್ಟುಕೊಂಡಿದ್ದ, ತಳೇವಾಡಿಯ ಹತ್ತಿರ ಹಿಡಿದ ಆ ಪ್ರಾಣಿಯೊಂದಿಗೆ. ಖಾನಾಪುರದ ಒಂದು ಗುಹೆ ಇಡೀ ಪ್ರಭೇದದ ಅಧಿಕೃತ ಹುಟ್ಟೂರು. ಭೀಮಗಡವನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸುವ ಮೊದಲಿನ ಚರ್ಚೆಗಳಲ್ಲೆಲ್ಲ ಈ ಬಾವಲಿಯ ಹೆಸರು ಬರುತ್ತಿತ್ತು.

ಇನ್ನು ಅಕೇಶಿಯಾ ಹೋಗಿ ವಾಚೆಲಿಯಾ ಬಂದ ಕಥೆ. ಸಸ್ಯಶಾಸ್ತ್ರಜ್ಞರು ಇವತ್ತಿಗೂ ಊಟದ ಮೇಜಿನಲ್ಲಿ ದನಿ ಏರಿಸಿ ಮಾತನಾಡುವ ವಿಷಯ ಇದು.

ಅಕೇಶಿಯಾ ಎಂಬ ಜಾತಿಯೊಳಗೆ ಒಂದು ಕಾಲಕ್ಕೆ ಸಾವಿರದ ಮುನ್ನೂರಕ್ಕೂ ಹೆಚ್ಚು ಪ್ರಭೇದಗಳಿದ್ದವು. ಆಫ್ರಿಕಾ, ಏಷ್ಯಾ, ಅಮೆರಿಕ, ಆಸ್ಟ್ರೇಲಿಯಾ ಎಲ್ಲ ಕಡೆಯವೂ ಅದರಲ್ಲಿ ಸೇರಿದ್ದವು. ಗಮನಿಸಿ ನೋಡಿದವರಿಗೆ ಒಳಗೇ ಬಿರುಕುಗಳು ಕಾಣುತ್ತಿದ್ದವು. ಕರಿಜಾಲಿಯ ಮುಳ್ಳುಗಳನ್ನು ನೋಡಿ. ಎಲೆ ಹೊರಡುವ ಜಾಗದಲ್ಲಿ ಎರಡು ನೆಟ್ಟನೆಯ ಮುಳ್ಳುಗಳು ಜೋಡಿಯಾಗಿವೆ. ಅವು ಎಲೆಯ ಬುಡದ ಕಾವಲೆಲೆಗಳು ಗಟ್ಟಿಯಾಗಿ ಆದ ಮುಳ್ಳುಗಳು. ಕಾಚು ತೆಗೆಯುವ ಖೈರದ ಮರದ ಮುಳ್ಳು ಹಾಗಲ್ಲ, ಅದು ತೊಗಟೆಯ ಮೇಲೆ ಎದ್ದ ಕೊಕ್ಕೆ. ಆಸ್ಟ್ರೇಲಿಯಾದ ಬಹುಪಾಲು ಅಕೇಶಿಯಾಗಳಿಗೆ ಮುಳ್ಳೇ ಇಲ್ಲ, ನಿಜವಾದ ಎಲೆಯೂ ಇಲ್ಲ. ಎಲೆಯ ತೊಟ್ಟೇ ಚಪ್ಪಟೆಯಾಗಿ ಎಲೆಯ ಕೆಲಸ ಮಾಡುತ್ತದೆ. ಡಿಎನ್‌ಎ ಹೋಲಿಕೆಗಳು ಬಂದ ಮೇಲೆ ಅನುಮಾನ ಉಳಿಯಲಿಲ್ಲ. ಇವು ಒಂದೇ ಬೇರಿನಿಂದ ಒಡೆದ ಕವಲುಗಳಲ್ಲ. ಕರಿಜಾಲಿಯ ಗುಂಪಿಗೂ ಆಸ್ಟ್ರೇಲಿಯಾದ ಗುಂಪಿಗೂ ನಡುವೆ ಅಕೇಶಿಯಾ ಎನ್ನಿಸಿಕೊಳ್ಳದ ಬೇರೆ ಜಾತಿಗಳು ಬಂದು ಸೇರಿದ್ದವು. ಒಂದೇ ಪೂರ್ವಜನ ಎಲ್ಲ ಸಂತತಿಯೂ ಒಂದು ಗುಂಪಿನಲ್ಲಿರಬೇಕು, ಹೊರಗಿನವರು ಇರಬಾರದು ಎಂಬುದು ಇಂದಿನ ವರ್ಗೀಕರಣದ ಮೂಲ ಸೂತ್ರ. ಆ ಸೂತ್ರದ ಪ್ರಕಾರ ಅಕೇಶಿಯಾವನ್ನು ಒಡೆಯಲೇಬೇಕಾಯಿತು. ಅದು ವಿಜ್ಞಾನದ ಭಾಗ, ಅಲ್ಲಿ ದೊಡ್ಡ ಜಗಳ ಇರಲಿಲ್ಲ.

ಜಗಳ ಆದದ್ದು ವಾಟಣಿಯಲ್ಲಿ. ಕೂಡುಕುಟುಂಬ ಒಡೆದಾಗ ಮನೆತನದ ಹೆಸರು ಯಾರ ಪಾಲಿಗೆ ಎಂಬ ಪ್ರಶ್ನೆ ಏಳುತ್ತದಲ್ಲ, ಅದೇ. ನಿಯಮ ಸ್ಪಷ್ಟವಾಗಿತ್ತು. ಜಾತಿಯ ಹೆಸರನ್ನೂ ಒಂದು ಪ್ರಭೇದಕ್ಕೆ ಗಂಟು ಹಾಕಿರುತ್ತಾರೆ, ಅದೇ ಮಾದರಿ ಪ್ರಭೇದ. ಅದು ಯಾವ ತುಂಡಿನಲ್ಲಿದೆಯೋ ಆ ತುಂಡಿಗೆ ಹೆಸರು ಸಲ್ಲುತ್ತದೆ. ಅಕೇಶಿಯಾದ ಮಾದರಿ ಕರಿಜಾಲಿಯೇ. ಹಾಗಾಗಿ ಹೆಸರು ನಮ್ಮ ಕಡೆಗೆ, ಆಫ್ರಿಕಾದ ಕಡೆಗೆ ಉಳಿಯಬೇಕಿತ್ತು. ಸುಮಾರು ಸಾವಿರ ಪ್ರಭೇದಗಳಿರುವ ಆಸ್ಟ್ರೇಲಿಯಾದ ಗುಂಪು ಹೊಸ ಹೆಸರು ಹೊರಬೇಕಿತ್ತು. ಇಷ್ಟೊಂದು ಗಿಡಗಳ ಹೆಸರು ಬದಲಿಸುವುದಕ್ಕಿಂತ ಮಾದರಿಯನ್ನೇ ಬದಲಿಸಿ ಎಂದು 2003ರಲ್ಲಿ ಆಸ್ಟ್ರೇಲಿಯಾದ ಇಬ್ಬರು ತಜ್ಞರು ಅರ್ಜಿ ಹಾಕಿದರು. ಅಂಥ ವಿನಾಯಿತಿಗೂ ನಿಯಮಗಳಲ್ಲಿ ದಾರಿ ಇದೆ. ಇಂಥ ಅರ್ಜಿಗಳನ್ನು ನೋಡುವ ಸಮಿತಿ ಒಪ್ಪಿತು. 2005ರಲ್ಲಿ ವಿಯೆನ್ನಾದ ಅಂತರರಾಷ್ಟ್ರೀಯ ಸಸ್ಯವಿಜ್ಞಾನ ಸಮ್ಮೇಳನದ ಮುಂದೆ ವಿಷಯ ಬಂದಾಗ ಬಂದ ಮತಗಳಲ್ಲಿ ಶೇಕಡಾ 55ರಷ್ಟು ಈ ಬದಲಾವಣೆಯ ವಿರುದ್ಧ ಇದ್ದವು. ಆದರೆ ಸಮಿತಿಯ ಶಿಫಾರಸನ್ನು ತಿರಸ್ಕರಿಸಲು ಶೇಕಡಾ 60 ಬೇಕು ಎಂಬ ನಿಯಮದಂತೆ ಬಹುಮತ ಸೋತಿತು. 2011ರ ಮೆಲ್ಬರ್ನ್ ಸಮ್ಮೇಳನದಲ್ಲಿ ಮತ್ತೆ ಎತ್ತಿದರು, ತೀರ್ಮಾನ ಬದಲಾಗಲಿಲ್ಲ. ಹೆಸರು ಆಸ್ಟ್ರೇಲಿಯಾಕ್ಕೆ ಹೋಯಿತು.

ನಮ್ಮ ಪಾಲಿಗೆ ಬಂದದ್ದು ವಾಚೆಲಿಯಾ. ಇದೂ ಹೊಸದಾಗಿ ಹೊಸೆದದ್ದಲ್ಲ. ದಕ್ಷಿಣ ಭಾರತದ ಸಸ್ಯಗಳ ಮೇಲೆ ದುಡಿದ ರಾಬರ್ಟ್ ವೈಟ್ ತನ್ನ ಜೊತೆಗಾರ ಆರ್ನಾಟ್‌ನೊಂದಿಗೆ 1834ರಲ್ಲಿ ಇಟ್ಟಿದ್ದ ಹೆಸರು, ಬಹುಕಾಲ ಮೂಲೆಯಲ್ಲಿ ಬಿದ್ದಿತ್ತು. ಆದ್ಯತೆಯ ನಿಯಮ ಅದನ್ನು ಎತ್ತಿ ತಂದಿತು. 2008ರಲ್ಲಿ ಕರಿಜಾಲಿ ಔಪಚಾರಿಕವಾಗಿ ವಾಚೆಲಿಯಾ ನಿಲೋಟಿಕಾ ಆಯಿತು. ಜಾತಿ ಬದಲಾದರೂ ನಿಲೋಟಿಕಾ ಹಾಗೇ ಉಳಿದದ್ದನ್ನು ಗಮನಿಸಿ. 1753ರ ಆ ಪದ ಮರ ಎಲ್ಲಿಗೆ ಹೋದರೂ ಬೆನ್ನು ಬಿಡುವುದಿಲ್ಲ. ಖೈರದ ಮರದಂಥ ಕೊಕ್ಕೆ ಮುಳ್ಳಿನವು ಸೆನೆಗಾಲಿಯಾ ಎಂಬ ಜಾತಿಗೆ ಸೇರಿದವು. ಮಲೆನಾಡಿನಲ್ಲೂ ಖಾನಾಪುರದ ಕಡೆಯೂ ಅರಣ್ಯ ಇಲಾಖೆ ನೆಡಿಸಿದ, ಜನ ಬರೀ ಅಕೇಶಿಯಾ ಎಂದು ಕರೆಯುವ ಮರ ಇದೆಯಲ್ಲ, ಅದು ಆಸ್ಟ್ರೇಲಿಯಾ ಕಡೆಯ ಅಕೇಶಿಯಾ ಆರಿಕ್ಯುಲಿಫಾರ್ಮಿಸ್. ಈ ಜಗಳದ ನಂತರವೂ ಅಕೇಶಿಯಾ ಆಗಿಯೇ ಉಳಿದದ್ದು ಅದು. ನನ್ನನ್ನು ಕೇಳಿದರೆ ವಿಯೆನ್ನಾದ ತೀರ್ಪು ಅನುಕೂಲದ ತೀರ್ಪು, ನ್ಯಾಯದ ತೀರ್ಪಲ್ಲ. ಆದರೂ ಫಲಕದ ಮೇಲೆ ವಾಚೆಲಿಯಾ ಎಂದೇ ಬರೆಸುತ್ತೇನೆ. ನನಗೆ ಹಿಡಿಸದ ನಿಯಮವನ್ನು ನಾನು, ನಿಮಗೆ ಹಿಡಿಸದ್ದನ್ನು ನೀವು ಬಿಡುತ್ತ ಹೋದರೆ ಮತ್ತೆ ಊರಿಗೊಂದು ಹೆಸರಾಗುತ್ತದೆ.

ರೂಪ ನೋಡಿ ಬಂಧುತ್ವ ಹೇಳುವುದು ಎಷ್ಟು ಕಷ್ಟ ಎಂಬುದಕ್ಕೆ ನಮ್ಮ ಸುತ್ತಲೇ ಬೇಕಾದಷ್ಟು ಸಾಕ್ಷಿಗಳಿವೆ. ಚಳಿಗಾಲದ ಕೊನೆಗೆ ಆಲಮಟ್ಟಿ ಹಿನ್ನೀರಿಗೆ ಫ್ಲೆಮಿಂಗೊಗಳು ಬರುತ್ತವೆ. ಉದ್ದ ಕಾಲು, ಉದ್ದ ಕೊರಳು ನೋಡಿ ಹಿಂದಿನವರು ಅವನ್ನು ಕೊಕ್ಕರೆಗಳ ಪಕ್ಕಕ್ಕೆ ಇಟ್ಟಿದ್ದರು. ಡಿಎನ್‌ಎ ನೋಡಿದರೆ ಅವುಗಳ ಅತಿ ಹತ್ತಿರದ ಬಂಧು ಅದೇ ಹಿನ್ನೀರಿನಲ್ಲಿ ಮುಳುಗಿ ಏಳುವ, ಅಂಗೈ ಅಗಲದ ಗುಳುಮುಳುಕ ಮತ್ತು ಅದರ ಸೋದರರು. ಮೊದಲು ಕೇಳಿದವರು ನಕ್ಕರು, ಈಗ ಯಾರೂ ನಗುವುದಿಲ್ಲ. ಬೀಳಗಿ, ಮುಧೋಳ ತಾಲ್ಲೂಕುಗಳ ನಡುವಿನ ಯಡಹಳ್ಳಿ ವನ್ಯಜೀವಿಧಾಮದ ಚಿಂಕಾರವನ್ನು ನಾವು ಜಿಂಕೆ ಎನ್ನುತ್ತೇವೆ, ಕೃಷ್ಣಮೃಗವನ್ನೂ ಜಿಂಕೆ ಎನ್ನುತ್ತೇವೆ, ಕಾಡಿನ ಚುಕ್ಕಿ ಜಿಂಕೆಯಂತೂ ಜಿಂಕೆಯೇ. ಆದರೆ ಚುಕ್ಕಿ ಜಿಂಕೆಯ ಕೊಂಬು ಕವಲೊಡೆದ ಮೂಳೆ, ಉದುರಿ ಮತ್ತೆ ಹುಟ್ಟುತ್ತದೆ. ಚಿಂಕಾರ ಮತ್ತು ಕೃಷ್ಣಮೃಗದ ಕೊಂಬು ಮೂಳೆಯ ಮೇಲಿನ ಗಟ್ಟಿ ಕವಚ, ಜೀವಮಾನವಿಡೀ ಇರುತ್ತದೆ. ಮೇಕೆಗೂ ಹಸುವಿಗೂ ಇರುವಂಥದ್ದೇ. ಬಂಧುತ್ವದಲ್ಲಿ ಚಿಂಕಾರ ನಮ್ಮ ಕೊಟ್ಟಿಗೆಗೆ ಹತ್ತಿರ, ಚುಕ್ಕಿ ಜಿಂಕೆಗೆ ದೂರ. ವಿಜಯಪುರದಲ್ಲಿ ಶತಮಾನಗಳಿಂದ ನಿಂತಿರುವ ಆಫ್ರಿಕಾ ಮೂಲದ ದೊಡ್ಡ ಹುಣಸೆ ಮರಗಳಿಗೂ ಹುಣಸೆಗೂ ಸಂಬಂಧವಿಲ್ಲ. ಅವು ಹತ್ತಿ ಮತ್ತು ಬೆಂಡೆಯ ಕುಟುಂಬದವು. ಅವುಗಳ ಜಾತಿಗೆ ಲಿನೇಯಸ್ ಆಡನ್ಸೋನಿಯಾ ಎಂದು ಹೆಸರಿಟ್ಟದ್ದು ಫ್ರಾನ್ಸಿನ ಆಡನ್ಸನ್‌ನ ಗೌರವಕ್ಕೆ. ಆಡನ್ಸನ್ ಲಿನೇಯಸ್‌ನ ಪದ್ಧತಿಯನ್ನು ಕಟುವಾಗಿ ವಿರೋಧಿಸಿದವನು!

ನಿಯಮಗಳ ವಿಚಿತ್ರವನ್ನು ಹೇಳದೆ ಬಿಡಲಾರೆ. ಸಸ್ಯಗಳಿಗೊಂದು ಸಂಹಿತೆ, ಪ್ರಾಣಿಗಳಿಗೊಂದು ಸಂಹಿತೆ, ಬ್ಯಾಕ್ಟೀರಿಯಾಗಳಿಗೆ ಮತ್ತೊಂದು. ಶಿಲೀಂಧ್ರಗಳು ಬಂಧುತ್ವದಲ್ಲಿ ಪ್ರಾಣಿಗಳಿಗೆ ಹತ್ತಿರವಾದರೂ ಹಳೆಯ ರೂಢಿಯಿಂದ ಸಸ್ಯಗಳ ಸಂಹಿತೆಯಡಿ ಇವೆ. ಪ್ರಾಣಿಗಳಲ್ಲಿ ಜಾತಿಯ ಪದವನ್ನೇ ಪ್ರಭೇದಕ್ಕೂ ಇಡಬಹುದು, ನಮ್ಮ ನಾಗರಹಾವು ನಾಜಾ ನಾಜಾ. ಸಸ್ಯಗಳಲ್ಲಿ ಅದು ನಿಷಿದ್ಧ. ಇದರ ಪರಿಣಾಮ ನಮ್ಮ ರೊಟ್ಟಿಯ ತನಕ ಬಂದಿದೆ. ಜೋಳಕ್ಕೆ ಲಿನೇಯಸ್ 1753ರಲ್ಲಿ ಕೊಟ್ಟ ಹೆಸರು ಹೋಲ್ಕಸ್ ಸೋರ್ಗಮ್. 1794ರಲ್ಲಿ ಮೋಂಚ್ ಎಂಬ ಜರ್ಮನ್ ಪಂಡಿತ ಜೋಳವನ್ನು ಸೋರ್ಗಮ್ ಎಂಬ ಪ್ರತ್ಯೇಕ ಜಾತಿಗೆ ತಂದ. ಆದ್ಯತೆಯ ಲೆಕ್ಕದಲ್ಲಿ ಅದು ಸೋರ್ಗಮ್ ಸೋರ್ಗಮ್ ಆಗಬೇಕಿತ್ತು, ಆದರೆ ಜೋಡಿ ಹೆಸರಿಗೆ ಅವಕಾಶವಿಲ್ಲ. ಹಾಗಾಗಿ ಲಿನೇಯಸ್‌ನದೇ 1771ರ ಬೈಕಲರ್ ಎಂಬ ಪದವನ್ನು ತಂದು ಸೋರ್ಗಮ್ ಬೈಕಲರ್ ಎಂದರು. ಅದರೊಳಗಿನ ಮಾಲದಂಡಿ ಎಂಬ ತಳಿಗೆ ಬೇರೆ ಲ್ಯಾಟಿನ್ ಹೆಸರಿಲ್ಲ. ತಳಿಗಳಿಗೆ ಪ್ರತ್ಯೇಕ ನಿಯಮಾವಳಿ ಇದೆ, ಅದರಲ್ಲಿ ಊರಿನ ಭಾಷೆಯ ಹೆಸರೂ ಸಲ್ಲುತ್ತದೆ. ಮುಧೋಳ ನಾಯಿಯ ವೈಜ್ಞಾನಿಕ ಹೆಸರು ಕೇಳುವ ಮಕ್ಕಳೂ ಇರುತ್ತಾರೆ: ಅದು ತಳಿ, ಪ್ರಭೇದವಲ್ಲ. ಬೀದಿ ನಾಯಿಗೆ ಯಾವ ಹೆಸರೋ ಅದಕ್ಕೂ ಅದೇ. ಆ ಹೆಸರನ್ನು ಕ್ಯಾನಿಸ್ ಫ್ಯಾಮಿಲಿಯಾರಿಸ್ ಎಂದು ಸ್ವತಂತ್ರವಾಗಿ ಬರೆಯಬೇಕೋ, ತೋಳದ ಉಪಪ್ರಭೇದವೆಂದು ಬರೆಯಬೇಕೋ ಎಂಬಲ್ಲಿ ಮಾತ್ರ ಪ್ರಾಣಿಶಾಸ್ತ್ರಜ್ಞರಲ್ಲಿ ಇನ್ನೂ ಒಮ್ಮತವಿಲ್ಲ.

ಇಷ್ಟೆಲ್ಲ ಕಸರತ್ತು ಯಾಕೆ ಎಂದು ಪಾಲಕರು ಕೇಳಿದರೆ 2018ನ್ನು ನೆನಪಿಸಿ. ಆ ಮುಂಗಾರಿನಲ್ಲಿ ರಾಜ್ಯದ ಗೋವಿನಜೋಳದ ಸುಳಿಯಲ್ಲಿ ಒಂದು ಹುಳು ಕಾಣಿಸಿಕೊಂಡಿತು. ಸೈನಿಕ ಹುಳು ಎಂದರು ಜನ. ಆ ಹೆಸರಿನ ಹಳೆಯ ಹುಳು ನಮ್ಮಲ್ಲಿ ಮೊದಲೇ ಇತ್ತು. ಆದರೆ ಇದರ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದಂಥ ಗೆರೆ, ಬಾಲದ ಕಡೆ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆಗಳಿದ್ದವು. ಅದು ಅಮೆರಿಕ ಮೂಲದ ಸ್ಪೊಡಾಪ್ಟೆರಾ ಫ್ರುಜಿಪೆರ್ಡಾ ಎಂದು ಕೃಷಿ ವಿಜ್ಞಾನಿಗಳು ಗುರುತಿಸಿದರು. ಆ ಎರಡು ಪದ ಸಿಕ್ಕಿದ ಕೂಡಲೇ ಆಫ್ರಿಕಾ ಮತ್ತು ಅಮೆರಿಕದಲ್ಲಿ ಆ ಹುಳುವಿನ ಬಗ್ಗೆ ನಡೆದ ಕೆಲಸವೆಲ್ಲ ನಮ್ಮವರ ಕೈಗೆ ಬಂತು: ಎಷ್ಟು ದಿನಕ್ಕೆ ಪತಂಗವಾಗುತ್ತದೆ, ಯಾವ ಹಂತದಲ್ಲಿ ಸುಳಿಗೆ ಔಷಧಿ ಹಾಕಬೇಕು, ಯಾವ ಪರತಂತ್ರ ಜೀವಿ ಅದರ ಮೊಟ್ಟೆಯನ್ನು ಹುಡುಕಿ ಹೋಗುತ್ತದೆ. ಆ ಪತಂಗಕ್ಕೆ 1797ರಲ್ಲಿ ಹೆಸರಿಟ್ಟವನು ಇಂಗ್ಲೆಂಡಿನ ಜೇಮ್ಸ್ ಎಡ್ವರ್ಡ್ ಸ್ಮಿತ್. ಲಿನೇಯಸ್ ತೀರಿಕೊಂಡ ಮೇಲೆ ಅವನ ಒಣಗಿಡಗಳು, ಪುಸ್ತಕಗಳು, ಪತ್ರಗಳನ್ನೆಲ್ಲ ಕೊಂಡು ಲಂಡನ್ನಿಗೆ ತಂದು, 1788ರಲ್ಲಿ ಲಿನಿಯನ್ ಸೊಸೈಟಿ ಕಟ್ಟಿದವನೂ ಅವನೇ.

ಈಗ ಬನ್ನಿ ಮರದ ವಿಷಯ. ವಿಜಯದಶಮಿಯಂದು ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಎನ್ನುವ ಸಂಪ್ರದಾಯದಲ್ಲಿ ನಮ್ಮ ಕಡೆ ಎರಡು ಮರಗಳ ಎಲೆ ಓಡಾಡುತ್ತದೆ. ಬೆಳಗಾವಿಯ ಮರಾಠಿ ಮನೆಗಳಲ್ಲಿ ಬಂಗಾರವೆಂದು ಕೊಡುವ ಆಪಟಾ ಎಲೆ ಮೂರನೆಯದು, ಬೌಹಿನಿಯಾ ರೆಸಿಮೋಸಾ. ಜೋಡಿ ಗೊರಸಿನಂಥ ಎಲೆ ನೋಡಿದರೆ ಸಾಕು, ಅದನ್ನು ಬೇರೆಯದೆಂದು ಯಾರಾದರೂ ಗುರುತಿಸುತ್ತಾರೆ. ಉಳಿದೆರಡಕ್ಕೆ ನೀವು ಮುಳ್ಳು ಮತ್ತು ಕಾಯಿ ನೋಡಬೇಕು. ಮುಳ್ಳುಗಳು ಟೊಂಗೆಯ ಉದ್ದಕ್ಕೂ ಅಲ್ಲಲ್ಲಿ ಚದುರಿದ್ದು, ಬುಡ ಅಗಲವಾಗಿ ನೆಟ್ಟಗಿದ್ದರೆ, ಎಲೆಯ ನಡುದಂಟಿನಲ್ಲಿ ಒಂದರಿಂದ ಮೂರು ಜೊತೆ ಕವಲುಗಳಷ್ಟೇ ಇದ್ದರೆ, ಕಾಯಿ ತೆಳ್ಳಗೆ ಕೋಲಿನಂತಿದ್ದು ಒಳಗೆ ಸಿಹಿ ತಿರುಳಿದ್ದರೆ ಅದು ಪ್ರೊಸೋಪಿಸ್ ಸಿನರೇರಿಯಾ. ಮುಳ್ಳುಗಳು ಎಲೆಯ ಬುಡದ ಕೆಳಗೆ ಜೋಡಿಯಾಗಿ, ತುಸು ಬಾಗಿದ್ದರೆ, ಕವಲುಗಳು ಇನ್ನೂ ಹೆಚ್ಚಿದ್ದರೆ, ಕಾಯಿ ಚಪ್ಪಟೆಯಾಗಿ ಕಂದು ಬಣ್ಣದ್ದಾಗಿದ್ದರೆ ಅದು ನಿಮ್ಮ ಎರಡನೆಯ ಪುಸ್ತಕ ಹೇಳಿದ ಅಕೇಶಿಯಾ ಫೆರುಜಿನಿಯಾ. ಅಕೇಶಿಯಾ ಒಡೆದ ಮೇಲೆ ಅದು ಸೆನೆಗಾಲಿಯಾ ಫೆರುಜಿನಿಯಾ.

ಮೊದಲನೆಯದೇ ಆಗಿದ್ದರೆ ಹೆಸರಿನ ಬಗ್ಗೆ ನಿಶ್ಚಿಂತೆಯಿಂದಿರಿ. 2022ರಲ್ಲಿ ಪ್ರೊಸೋಪಿಸ್ ಜಾತಿಯನ್ನೂ ಒಡೆದರು, ಆದರೆ ಅದರ ಮಾದರಿ ಪ್ರಭೇದ ಬನ್ನಿಯೇ ಆದ್ದರಿಂದ ಹೆಸರು ಬನ್ನಿಯ ಬಳಿಯೇ ಉಳಿಯಿತು. ಬಳ್ಳಾರಿ ಜಾಲಿ ಹೊರಗೆ ಹೋಗಿ ನೆಲ್ಟುಮಾ ಜುಲಿಫ್ಲೋರಾ ಆಯಿತು. ನೆಲ್ಟುಮಾ ಎಂಬುದೂ 1838ರ ಹಳೆಯ ಹೆಸರೇ. ಆವರಣದ ಬೇಲಿಯಲ್ಲಿ ಬಳ್ಳಾರಿ ಜಾಲಿ ಇದ್ದರೆ, ಇದ್ದೇ ಇರುತ್ತದೆ, ಅದರ ಫಲಕದಲ್ಲೂ ಎರಡೂ ಹೆಸರು ಹಾಕಿಸಿ.

ಬರೆಸುವಾಗ ಜಾತಿಯ ಪದ ಮೊದಲು, ಪ್ರಭೇದದ ಪದ ನಂತರ. ಇಂಗ್ಲಿಷ್ ಅಕ್ಷರಗಳಲ್ಲೂ ಬರೆಸುವುದಾದರೆ ಜಾತಿಯ ಮೊದಲ ಅಕ್ಷರ ಮಾತ್ರ ದೊಡ್ಡದು, ಉಳಿದದ್ದೆಲ್ಲ ಸಣ್ಣದು, ಓರೆಯಾಗಿ. ಕನ್ನಡದ ಹೆಸರು ಎಲ್ಲಕ್ಕಿಂತ ಮೇಲೆ, ದೊಡ್ಡದಾಗಿ ಇರಲಿ. ತಗಡನ್ನು ಮೊಳೆ ಹೊಡೆದು ಕೂರಿಸಬೇಡಿ. ಕಂಬ ನೆಟ್ಟು ಹಾಕಿ, ಇಲ್ಲವೇ ಸಡಿಲವಾದ ತಂತಿ ಕಟ್ಟಿ ವರ್ಷಕ್ಕೊಮ್ಮೆ ಇನ್ನಷ್ಟು ಸಡಿಲಿಸಿ.

ಈ ಗುರುತುಗಳಿಗೆ ಹೊಂದದ ಮರ ಯಾವುದಾದರೂ ಇದ್ದರೆ ಹೂವು ಅಥವಾ ಕಾಯಿ ಇರುವ ಒಂದು ಗೇಣು ಟೊಂಗೆಯನ್ನು ಕತ್ತರಿಸಿ, ಹಳೆಯ ದಿನಪತ್ರಿಕೆಗಳ ನಡುವೆ ಹರಡಿ, ಮೇಲೆ ಭಾರ ಹೇರಿ ಒಣಗಿಸಿ. ಮೊದಲ ಕೆಲವು ದಿನ ಕಾಗದವನ್ನು ದಿನಾ ಬದಲಿಸಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಊರು, ತಾರೀಕು, ಮರದ ಎತ್ತರ, ಹೂವಿನ ಬಣ್ಣ, ಊರಿನವರು ಆ ಮರವನ್ನು ಕರೆಯುವ ಹೆಸರು ಏನು ಎಂಬುದನ್ನು ಚೀಟಿಯಲ್ಲಿ ಬರೆದು ಜೊತೆಗಿಡಿ. ಒಣಗಿದ ಮೇಲೆ ಬಣ್ಣ ಹೋಗುತ್ತದೆ, ಆದ್ದರಿಂದ ಬಣ್ಣವನ್ನು ಕಿತ್ತ ದಿನವೇ ಬರೆಯಬೇಕು. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲೋ, ಹತ್ತಿರದ ಪದವಿ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲೋ, ಔಷಧೀಯ ಸಸ್ಯವಾಗಿದ್ದರೆ ಬೆಳಗಾವಿಯ ರಾಷ್ಟ್ರೀಯ ಪಾರಂಪರಿಕ ವೈದ್ಯಕೀಯ ಸಂಸ್ಥೆಯಲ್ಲೋ ವಿಚಾರಿಸಿ. ಮೊಬೈಲಿನಲ್ಲಿ ತೆಗೆದ ಚಿತ್ರ ಒಂದನ್ನೇ ಕಳಿಸಿದರೆ ಮುಳ್ಳು ಜೋಡಿಯಾಗಿದೆಯೋ ಚದುರಿದೆಯೋ ಎಂಬುದು ಹೆಚ್ಚಾಗಿ ಕಾಣುವುದಿಲ್ಲ. ಟೊಂಗೆಯೇ ಬೇಕು.